ಕಡ್ಡಿ ಮೇಲೆ 9 ಕೆಲಸ, ಕಾರ್ಟನ್ನಿನಲ್ಲಿ 11 ಕಿಲೋ ಉಲ್ಲನ್

ಹಗಲು ನಾನು ಟೆಸ್ಟಿಂಗ್ ಟೀಮಿನವಳು, ರಾತ್ರಿ ಊಟ ಆದ ಮೇಲೆ ಸ್ವೆಟರ್ ಹೆಣೆಯೋಳು. ಈಗಿರೋದು ಪುಣೆಯಲ್ಲಿ, ಮೊದಲು ಹೈದರಾಬಾದಿನಲ್ಲಿದ್ದೆ. "ಆ ಸೆಖೆಯಲ್ಲಿ ಸ್ವೆಟರ್ ಯಾರಿಗ್ರೀ?" ಅಂತ ಕೇಳೋರಿಗೆ ನನ್ನ ಉತ್ತರ ಒಂದೇ: ನಮ್ಮ ಆಫೀಸಿನ ಏಸಿ ಕೆಳಗೆ ಒಂದು ದಿನ ಕೂತು ನೋಡಿ.

ಈ ಮಾತುಕತೆಗೆ ಒಪ್ಪಿಕೊಂಡ ಮೇಲೆ ಮನೆಯಲ್ಲಿರೋ ಉಲ್ಲನ್ನನ್ನೆಲ್ಲ ತಕ್ಕಡಿಗೆ ಹಾಕಿದೆ. 11 ಕಿಲೋ ಬಂತು. ದೊಡ್ಡವರ ಒಂದು ತುಂಬುತೋಳಿನ ಸ್ವೆಟರಿಗೆ ಸುಮಾರು ಅರ್ಧ ಕಿಲೋ ಬೇಕು. ಅಂದರೆ 22 ಸ್ವೆಟರಿನ ಮಾಲು. ನಾನು ವರ್ಷಕ್ಕೆ ಮುಗಿಸೋದು 3. ಇವತ್ತಿಂದ ಒಂದೇ ಒಂದು ಉಂಡೆ ಕೊಳ್ಳದಿದ್ದರೂ ಏಳು ವರ್ಷಕ್ಕಾಗುತ್ತೆ. ಕೊಳ್ಳದೇ ಇರ್ತೀನಿ ಅಂತ ನಾನೇನೂ ಹೇಳ್ತಿಲ್ಲ. ತುಳಶೀಬಾಗ್ ನೋಡಿದೋರು ಯಾರೂ ಅಂಥ ಮಾತು ಕೊಡೋದಿಲ್ಲ.

ಇದು ನನ್ನೊಬ್ಬಳ ಕಥೆ ಅಲ್ಲ. ಇಂಗ್ಲಿಷ್ ಮಾತಾಡೋ ಹೆಣಿಗೆಯವರು ಇದಕ್ಕೆ 'ಸೇಬಲ್' ಅಂತ ಹೆಸರೇ ಇಟ್ಟಿದ್ದಾರೆ. ಬಿಡಿಸಿ ಹೇಳಿದರೆ, ಆಯಸ್ಸು ಮುಗಿದರೂ ಮುಗಿಯದಷ್ಟು ದಾಸ್ತಾನು. 2007ರಲ್ಲಿ ಶುರುವಾದ ರ‍್ಯಾವೆಲ್ರಿ ಅನ್ನೋ ತಾಣದಲ್ಲಿ ನಿಮ್ಮ ದಾಸ್ತಾನು ಬರೆದಿಡೋಕೆ ಬೇರೆಯೇ ಜಾಗ ಇದೆ. ಹಾಗೇ ಪ್ರತಿ ಕೆಲಸಕ್ಕೂ ಒಂದು ಸ್ಟೇಟಸ್: ನಡೀತಿದೆ, ಮುಗಿದಿದೆ, ಚಳಿಗಾಲದ ನಿದ್ದೆಯಲ್ಲಿದೆ, ಬಿಚ್ಚಿ ಹಾಕಿದೆ. ನಮ್ಮ ಜಿರಾ ಬೋರ್ಡೇ ಅನ್ನಿ. ಬಿಚ್ಚಿ ಹಾಕೋದಕ್ಕೆ ಅವರು 'ಫ್ರಾಗ್' ಅಂತಾರೆ, ಯಾಕೆಂದರೆ 'ರಿಪ್ ಇಟ್, ರಿಪ್ ಇಟ್' ಅಂದರೆ ಅವರ ಕಿವಿಗೆ ಕಪ್ಪೆ ವಟಗುಟ್ಟಿದ ಹಾಗೆ ಕೇಳುತ್ತಂತೆ.

ಉಲ್ಲನ್ ಯಾಕೆ ಬೆಳೆಯುತ್ತೆ? ಆಸೆ ಅನ್ನೋದು ಸುಲಭದ ಉತ್ತರ. ಆದರೆ ಲೆಕ್ಕದ ಕಾರಣವೂ ಒಂದಿದೆ. ಉಂಡೆಯ ಲೇಬಲ್ ಮೇಲೆ ಬಣ್ಣದ ನಂಬರಿನ ಪಕ್ಕ ಇನ್ನೊಂದು ನಂಬರ್ ಇರುತ್ತೆ, ಲಾಟ್ ನಂಬರ್. ಒಂದೇ ಸಲ ಬಣ್ಣಕ್ಕೆ ಹಾಕಿದ ನೂಲಿಗೆಲ್ಲ ಒಂದೇ ಲಾಟ್. ಮುಂದಿನ ಸಲ ಅದೇ ನೀಲಿ ಕದಡಿದರೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದು ಕಾಣೋದಿಲ್ಲ, ಸ್ವೆಟರ್ ಹಾಕ್ಕೊಂಡು ಬಿಸಿಲಿಗೆ ಬಂದಾಗ ಪಟ್ಟಿ ಹೊಡೆದ ಹಾಗೆ ಕಾಣುತ್ತೆ. ಹಾಗಾಗಿ 10 ಉಂಡೆ ಬೇಕಾದರೆ ತಿಳಿದೋರು 11 ತರ್ತಾರೆ. ಆ ಹನ್ನೊಂದನೆಯದು ಉಳಿಯುತ್ತೆ. ಹತ್ತು ವರ್ಷ ಹೀಗೆ ಉಳಿದರೆ ಒಂದು ಕಾರ್ಟನ್. ಬಾಡಿಗೆ ಮನೆ ಬದಲಿಸಿದಾಗೆಲ್ಲ ಅದೂ ನಮ್ಮ ಜೊತೆ ಊರೂರು ತಿರುಗುತ್ತೆ. ಪ್ಯಾಕರ್ಸ್‌ನವರು ಎತ್ತಿ ನೋಡಿ "ಇಷ್ಟು ದೊಡ್ಡದು, ಇಷ್ಟು ಹಗುರ?" ಅಂತ ಅನುಮಾನ ಪಡ್ತಾರೆ.

ನನಗೆ ಉಲ್ಲನ್ನಿನ ಬಗ್ಗೆ ಚಿಂತೆ ಇಲ್ಲ. ಅಕ್ರಿಲಿಕ್ ಆದರೆ ಹುಳವೂ ತಿನ್ನೋದಿಲ್ಲ. ಅಪ್ಪಟ ಉಣ್ಣೆ ಆದರೆ ಮುಚ್ಚಳ ಬಿಗಿಯಾಗಿರೋ ಡಬ್ಬಿ ಬೇಕು, ಅಷ್ಟೆ. ಚಿಂತೆ ಇರೋದು ಅರ್ಧ ಹೆಣೆದು ಬಿಟ್ಟಿದ್ದರ ಬಗ್ಗೆ.

ನನ್ನ ಕಡ್ಡಿಗಳ ಮೇಲೆ ಈಗ 9 ಕೆಲಸ ಇವೆ. ಕಾನ್‌ಬಾನ್ ಗೊತ್ತಿರೋರಿಗೆ ಲಿಟಲ್ ಅವರ ಸೂತ್ರ ಗೊತ್ತಿರುತ್ತೆ, ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು: ಕೈಯಲ್ಲಿರೋ ಕೆಲಸವನ್ನ ಮುಗಿಯೋ ವೇಗದಿಂದ ಭಾಗಿಸಿದರೆ ಒಂದೊಂದಕ್ಕೆ ಹಿಡಿಯೋ ಸರಾಸರಿ ಕಾಲ ಸಿಗುತ್ತೆ. ವರ್ಷಕ್ಕೆ 3 ಮುಗಿಸೋಳ ಕೈಯಲ್ಲಿ 9 ಇದ್ದರೆ, ಒಂದು ಸ್ವೆಟರಿಗೆ ಮೂರು ವರ್ಷ. ಮಕ್ಕಳ ಸ್ವೆಟರ್ ಆದರೆ? ಮಗು ಮೂರು ವರ್ಷ ಕಾಯುತ್ತಾ?

ನಿಂತುಹೋದ ಕೆಲಸಗಳನ್ನ ಸಾಲಾಗಿ ಹಾಸಿ ನೋಡಿದಾಗ ಒಂದು ವಿಷಯ ಕಂಡಿತು. ಬೆನ್ನಿನ ಭಾಗದ ಮಧ್ಯದಲ್ಲಿ ಯಾವುದೂ ನಿಂತಿಲ್ಲ. ಕತ್ತಿನ ಹತ್ತಿರ ಕುಣಿಕೆ ಕಡಿಮೆ ಮಾಡೋ ಜಾಗದಲ್ಲಿ ನಿಂತಿವೆ, ಭಾಗಗಳನ್ನ ಸೇರಿಸಿ ಹೊಲಿಯೋ ಮುಂಚೆ ನಿಂತಿವೆ, ಎರಡನೇ ತೋಳಿನಲ್ಲಿ ನಿಂತಿವೆ. ದಿನವಿಡೀ ಕಾಲ್‌ಗಳಲ್ಲಿ ತಲೆ ಬಿಸಿಯಾದ ಮೇಲೆ ಕೈಗೆ ಕೆಲಸ ಬೇಕು, ತಲೆಗೆ ಬೇಡ. ಯೋಚನೆ ಮಾಡಬೇಕಾದ ಸಾಲು ಬಂತೋ, ಅದನ್ನ ಪಕ್ಕಕ್ಕಿಟ್ಟು ಹೊಸದಕ್ಕೆ ಕೈ ಹಾಕ್ತೀವಿ. ಸೋಮಾರಿತನ ಅನ್ನೋರಿಗೆ ನಮ್ಮ ಸಂಜೆಗಳು ಗೊತ್ತಿಲ್ಲ.

ಧಾರವಾಡದಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಪುಟ್ಟ ಸ್ವೆಟರ್ ಸಿಕ್ಕಿತು. ಬೆನ್ನು, ಎದೆ, ಒಂದು ತೋಳು ಪೂರ್ತಿ; ಇನ್ನೊಂದು ತೋಳು ನಾಲ್ಕು ಬೆರಳಷ್ಟು, ಕಡ್ಡಿ ಮೇಲೇ. ಮೊಮ್ಮಗನಿಗೆ ನಾಲ್ಕು ವರ್ಷ ಇದ್ದಾಗ ಹಾಕಿದ್ದು, ಅವನೀಗ ಎಂಜಿನಿಯರಿಂಗ್ ಓದ್ತಿದ್ದಾನೆ. ಹಿಂದಿನೋರಾದರೆ ಬಿಚ್ಚಿ, ಲಡಿ ಸುತ್ತಿ ತೊಳೆದು, ಭಾರ ಕಟ್ಟಿ ಒಣಗಿಸಿ, ಸುರುಳಿ ಬಿಟ್ಟ ದಾರದಲ್ಲಿ ಬೇರೇನೋ ಹೆಣೀತಿದ್ದರು. ನಾನೂ ಅದನ್ನೇ ಹೇಳಿದೆ. ಅಕ್ಕ ಒಪ್ಪಲಿಲ್ಲ. "ಬಿಚ್ಚಬ್ಯಾಡ, ಅವ್ವ ಹಾಕಿದ್ದು ಅದು."

ಸರಿ, ಪುಣೆಗೆ ತಂದೆ. ಒಂದು ಚೀಟಿ ಇಲ್ಲ, ಅಳತೆ ಇಲ್ಲ. ಕೋಡ್ ಇದೆ, ಕೆಟಿ ಆಗಿಲ್ಲ, ಬರೆದೋರನ್ನ ಕೇಳೋ ಹಾಗಿಲ್ಲ. ಮುಗಿದಿದ್ದ ಮೊದಲ ತೋಳೊಂದೇ ದಾಖಲೆ. ಅದರ ಸಾಲು ಎಣಿಸಿ, ಎಲ್ಲೆಲ್ಲಿ ಕುಣಿಕೆ ಹೆಚ್ಚಿಸಿದ್ದಾರೆ ಅಂತ ಗುರುತು ಮಾಡೋಕೆ ಎರಡು ಭಾನುವಾರ ಹಿಡಿಯಿತು. ದೊಡ್ಡಮ್ಮನ ಕೈ ಬಿಗಿ, ನನ್ನದು ಸಡಿಲ. ಅವರು ಬಿಟ್ಟಿದ್ದು 10 ನಂಬರ್ ಕಡ್ಡಿಯಲ್ಲಿ, ನಾನು ಒಂದಳತೆ ಸಣ್ಣದು, 11 ತಗೊಂಡೆ. ಆದರೂ ಕೈ ಬದಲಾದ ಸಾಲು ಕಾಣುತ್ತೆ, ತೊಳೆದ ಮೇಲೂ ಹೋಗಲಿಲ್ಲ. ಅಕ್ಕ ಅದರ ಮೇಲೆ ಬೆರಳಾಡಿಸಿ "ಇಲ್ಲಿಂದ ನೀನು" ಅಂದಳು. ಮತ್ತೇನೂ ಹೇಳಲಿಲ್ಲ.

ಇದೇ ಕೆಲಸಕ್ಕೆ ಅಮೆರಿಕದಲ್ಲಿ 2022ರಲ್ಲಿ ಜೆನ್ ಸಿಮೋನಿಕ್, ಮೇಸಿ ಕ್ಯಾಪ್ಲನ್ ಅನ್ನೋ ಇಬ್ಬರು ಗೆಳತಿಯರು 'ಲೂಸ್ ಎಂಡ್ಸ್' ಶುರು ಮಾಡಿದರು. ತೀರಿಕೊಂಡೋರು, ಕಾಯಿಲೆಯಿಂದ ಕೈಯಾಗದೋರು ಅರ್ಧಕ್ಕೆ ಬಿಟ್ಟ ಹೆಣಿಗೆಯನ್ನ ಸ್ವಯಂಸೇವಕರು ಮುಗಿಸಿ ಮನೆಯವರಿಗೆ ವಾಪಸ್ ಕೊಡ್ತಾರೆ, ದುಡ್ಡು ತಗೊಳ್ಳೋದಿಲ್ಲ.

ಈಗ ನನ್ನ ಪ್ರತಿ ಚೀಲದಲ್ಲೂ ಒಂದು ಚೀಟಿ ಇದೆ: ಯಾರಿಗೆ, ಕಡ್ಡಿ ನಂಬರು, ಎಷ್ಟನೇ ಸಾಲು, ಮುಂದೇನು. ಕನ್ನಡದಲ್ಲೇ ಬರೀತೀನಿ, ಮುಂದೆ ಬಿಚ್ಚಿ ನೋಡೋರು ನಮ್ಮನೆಯವರೇ ತಾನೆ. ಒಂಬತ್ತರಲ್ಲಿ ಯಾರಿಗೂ ಬೇಡವಾದ ಎರಡನ್ನ ಈ ವಾರ ಬಿಚ್ತೀನಿ. ಉಳಿದ ಏಳರಲ್ಲಿ ಒಂದು ಮಗುವಿನದು, ಅದು ಮೊದಲು.

ಅಂದ ಹಾಗೆ, ಕಾರ್ಟನ್ನಿನಲ್ಲಿ ಒಂದು ಕಿಲೋ ಹಾಲುಬಿಳಿ ಅಕ್ರಿಲಿಕ್ ಇದೆ, ನನಗೆ ಬೇಡ. ಪುಣೆಯಲ್ಲಿರೋರು ಯಾರಿಗಾದರೂ ಬೇಕಿದ್ದರೆ ಹೇಳಿ. ಎಲ್ಲಾ ಒಂದೇ ಲಾಟ್.