ಹಲ್ಲಿಲ್ಲದವರ ಹಲ್ಲೆಲೂಯ



ಏಪ್ರಿಲ್ ಕೊನೆಯ ವಾರ. ಬೆಳಗ್ಗೆ ಒಂಬತ್ತಕ್ಕೇ ಬೆವರಿಳಿಯುವ ಸೆಕೆ. ನಮ್ಮ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಮಕ್ಕಳು ಚಾಪೆಯ ಮೇಲೆ ಒತ್ತಿಕೊಂಡು ಕೂತು ಹಾಡುತ್ತಿದ್ದರು. ಮುಂದಿನ ಸಾಲಿನ ಹುಡುಗನೊಬ್ಬನ ಗಂಟಲು ಎಲ್ಲರಿಗಿಂತ ಜೋರು. ಏಳು ವರ್ಷವಿರಬಹುದು, ಮೇಲಿನ ಎರಡು ಹಲ್ಲು ಬಿದ್ದುಹೋಗಿದ್ದವು. ಹಾಡಿನಲ್ಲಿ 'ಹಲ್ಲೆಲೂಯ' ಬಂದಾಗಲೆಲ್ಲ ಬಾಯಗಲಿಸಿ, ಖಾಲಿ ಒಸಡಿಗೆ ಬೆರಳಿಟ್ಟು, 'ಹಲ್ಲಿಲ್ಲೂಯ' ಎನ್ನುತ್ತಿದ್ದ. ತುಂಟತನ ಅಂದುಕೊಂಡೆ. ಬಿಡುವಿನಲ್ಲಿ ಕರೆದು ಕೇಳಿದರೆ ಅವನು ನಗಲೇ ಇಲ್ಲ. "ಅದು ಹಲ್ಲು ಬಿದ್ದವರ ಹಾಡಲ್ವಾ ಟೀಚರ್?" ಎಂದ.

ಅದು ಹೀಬ್ರೂ ಮಾತು. ದೇವರನ್ನು ಕೊಂಡಾಡಿರಿ ಎಂದು ಅರ್ಥ. ಮೂರು ದಿನದಿಂದ ಹಾಡಿಸುತ್ತಿದ್ದ ನಮಗೆ ಯಾರಿಗೂ ಅದನ್ನು ಮಕ್ಕಳಿಗೆ ಹೇಳಬೇಕೆಂದು ಹೊಳೆದಿರಲಿಲ್ಲ. ನಾವು ಖಾಲಿ ಬಿಟ್ಟ ಜಾಗದಲ್ಲಿ ಅವನು ತನ್ನದೇ ಅರ್ಥವನ್ನು ತಂದು ಕೂರಿಸಿಕೊಂಡಿದ್ದ. ಅದೂ ಎಂಥ ಅರ್ಥ! ಹಲ್ಲು ಬಿದ್ದದ್ದಕ್ಕೆ ಶಾಲೆಯಲ್ಲಿ ನಗೆಪಾಟಲಾಗಿದ್ದ ಹುಡುಗನಿಗೆ ತನ್ನಂಥವರಿಗೆಂದೇ ಚರ್ಚಿನಲ್ಲಿ ಒಂದು ಹಾಡಿದೆ ಎಂಬ ಸಮಾಧಾನ. ಅವನ ಹಾಡನ್ನು ತಿದ್ದಲು ನನಗಂತೂ ಮನಸ್ಸು ಬರಲಿಲ್ಲ. ಮರುದಿನ ಎಲ್ಲರಿಗೂ ಸೇರಿಸಿ ಅರ್ಥ ಹೇಳಿದೆವು.

ಬೇಸಿಗೆ ರಜೆಯಲ್ಲಿ ಚರ್ಚುಗಳು ಮಕ್ಕಳಿಗಾಗಿ ನಡೆಸುವ ಈ ಶಾಲೆಗೆ ವೆಕೇಶನ್ ಬೈಬಲ್ ಸ್ಕೂಲ್ ಎಂದು ಹೆಸರು. ನಮ್ಮೆಲ್ಲರ ಬಾಯಲ್ಲಿ ಬರೀ ವಿ.ಬಿ.ಎಸ್. ಒಂದಷ್ಟು ಕಥೆ, ದಿನಕ್ಕೊಂದು ಬಾಯಿಪಾಠದ ವಚನ, ಬಣ್ಣದ ಕಾಗದ, ಗೋಂದು, ನಡುವೆ ಶರಬತ್ತು ಬಿಸ್ಕತ್ತು, ಕೊನೆಯ ದಿನ ಅಪ್ಪ ಅಮ್ಮಂದಿರ ಎದುರು ಕಾರ್ಯಕ್ರಮ. ಇದರ ಮೂಲ ಹುಡುಕಿಕೊಂಡು ಹೋದವರು 1898ರ ನ್ಯೂಯಾರ್ಕಿಗೆ ಬರುತ್ತಾರೆ. ಶಾಲೆಗೆ ರಜೆ ಸಿಕ್ಕಿ ಬೀದಿಯಲ್ಲೇ ದಿನ ಕಳೆಯುತ್ತಿದ್ದ ಬಡವರ ಮಕ್ಕಳನ್ನು ಸೇರಿಸಲು ಎಲೈಜಾ ಹಾಸ್ ಎಂಬಾಕೆ ಬಾಡಿಗೆಗೆ ಹಿಡಿದದ್ದು ಒಂದು ಬಿಯರ್ ಅಂಗಡಿಯನ್ನು! ಮಕ್ಕಳ ಹಾಡಿಗೆ ದೇವಾಲಯವೇ ಆಗಬೇಕೆಂದಿಲ್ಲ ಎಂಬುದು ಆಗಲೇ ಇತ್ಯರ್ಥವಾಗಿತ್ತು ಅನ್ನಿ.

ಈ ಹತ್ತು ದಿನಗಳಲ್ಲಿ ಕಲಿಸಿದ್ದರಲ್ಲಿ ಮಕ್ಕಳ ಬಳಿ ಮುಂದಿನ ಬೇಸಿಗೆಗೂ ಉಳಿದಿರುವುದು ಯಾವುದು? ಕಥೆ ಅರ್ಧ ಮರೆತಿರುತ್ತದೆ. ಬಣ್ಣದ ಕಾಗದದ ನಾವೆ ಮೊದಲ ಮಳೆಗೆ ಹೋಗಿರುತ್ತದೆ. ಹಾಡು ಇರುತ್ತದೆ. ಅದಕ್ಕೇ ನಾವು ಬೇರೆ ದಾರಿಯಲ್ಲಿ ತಲೆಗೆ ಹೋಗದ್ದನ್ನೆಲ್ಲ ಹಾಡಿನಲ್ಲಿ ತುಂಬುತ್ತೇವೆ. ನಮ್ಮ ಪ್ರೊಟೆಸ್ಟಂಟ್ ಸತ್ಯವೇದದಲ್ಲಿ 66 ಪುಸ್ತಕಗಳು, ಹಳೆಯ ಒಡಂಬಡಿಕೆಯಲ್ಲಿ 39, ಹೊಸದರಲ್ಲಿ 27. ಇಷ್ಟು ಹೆಸರನ್ನು ಸಾಲಾಗಿ ಒಪ್ಪಿಸು ಎಂದರೆ ದೊಡ್ಡವರೂ ತಡವರಿಸುತ್ತಾರೆ. ರಾಗ ಹಾಕಿಕೊಟ್ಟರೆ ಎರಡನೇ ಕ್ಲಾಸಿನ ಮಗು ಒಂದೇ ಉಸಿರಿಗೆ ಮುಗಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಒಂದು ಅನುಕೂಲವೂ ಇದೆ. ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ಮೊದಲ ಐದೂ 'ಕಾಂಡ'ದಲ್ಲೇ ಬಂದು ನಿಲ್ಲುತ್ತವೆ, ತಾಳ ತಾನಾಗಿ ಬೀಳುತ್ತದೆ. ನಾನು ಚಿಕ್ಕವಳಿದ್ದಾಗ ಇದನ್ನು ಗುನುಗುತ್ತಿದ್ದರೆ ಪಕ್ಕದ ಮನೆಯ ಗೆಳತಿ ಜಗಳಕ್ಕೆ ಬಂದಿದ್ದಳು, "ಅರಣ್ಯಕಾಂಡ ನಮ್ಮ ರಾಮಾಯಣದ್ದು, ನಿಮಗೆಲ್ಲಿಂದ ಬಂತು?" ಎಂದು. ನನ್ನ ಬಳಿ ಉತ್ತರವಿರಲಿಲ್ಲ. ಇಸ್ರಾಯೇಲ್ಯರು ಮರುಭೂಮಿಯಲ್ಲಿ ಅಲೆದ ಕಥೆಗೆ ಅನುವಾದಕರು ಇಲ್ಲಿನ ಕಿವಿಗೆ ಪಳಗಿದ ಹೆಸರನ್ನೇ ಇಟ್ಟಿದ್ದರು. ಅದೇ ಗೆಳತಿಯ ಅಜ್ಜಿ ಜಗಲಿಯಲ್ಲಿ ಕೂತು, ಹೆಬ್ಬೆರಳನ್ನು ಬೆರಳ ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತ, ಪ್ರಭವ, ವಿಭವ, ಶುಕ್ಲ ಎಂದು ಅರವತ್ತು ಸಂವತ್ಸರ ಹೇಳುತ್ತಿದ್ದರು. ಅವರದು ಅರವತ್ತು, ನನ್ನದು ಅರವತ್ತಾರು. ಆ ಮಟ್ಟಿಗೆ ನಾನೇ ಗೆದ್ದೆ ಎಂದುಕೊಂಡಿದ್ದೆ.

ಈ ಬಗೆಯ ಕಲಿಕೆಗೆ ಒಂದು ಊನವೂ ಇದೆ. ಮಗ್ಗಿ ಕಲಿತವರಿಗೆ ಗೊತ್ತು. ಏಳೆಂಟಲೆ ಎಷ್ಟು ಎಂದರೆ ಏಳೊಂದ್ಲಿಂದಲೇ ಹೊರಡಬೇಕು. ಹಾಗೆಯೇ ಯೆಹೆಜ್ಕೇಲನ ಹಿಂದೆ ಯಾವ ಪುಸ್ತಕ ಎಂದು ಕೇಳಿ, ಮಗುವಿನ ತುಟಿ ಆದಿಕಾಂಡದಿಂದ ಅಲುಗಲು ಶುರುವಾಗುತ್ತದೆ. ಹಾಡು ಮುಂದಕ್ಕೆ ಮಾತ್ರ ಓಡುವ ಬಂಡಿ. ನಡುವೆ ಹತ್ತಲು ಬರುವುದಿಲ್ಲ.

ಇನ್ನು ಆಕ್ಷನ್ ಸಾಂಗ್. ಮತ್ತಾಯನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿ ಇಬ್ಬರು ಮನೆ ಕಟ್ಟುತ್ತಾರೆ. ಬುದ್ಧಿವಂತ ಬಂಡೆಯ ಮೇಲೆ, ಬುದ್ಧಿಯಿಲ್ಲದವನು ಮರಳಿನ ಮೇಲೆ. ಮುಷ್ಟಿಯ ಮೇಲೆ ಮುಷ್ಟಿ ಇಟ್ಟರೆ ಮನೆ, ಬೆರಳಾಡಿಸಿದರೆ ಮಳೆ. ಬಂಡೆಯ ಮನೆಯ ಚರಣವನ್ನು ಮಕ್ಕಳು ಒಪ್ಪಿಸಬೇಕಲ್ಲ ಎಂದು ಒಪ್ಪಿಸುತ್ತಾರೆ. ಕಣ್ಣು ಮಾತ್ರ ಮರಳಿನ ಮನೆಯ ಮೇಲೇ. ಅದು ಬಂತೋ, ಇಡೀ ಸಾಲು ಧೊಪ್ಪೆಂದು ನೆಲಕ್ಕೆ ಬೀಳುತ್ತದೆ. ಒಬ್ಬರ ಮೇಲೊಬ್ಬರು, ಕಿರುಚಾಟ, ನಗು, ಯಾರದೋ ಮೊಣಕೈ ಯಾರದೋ ಮೂಗಿಗೆ. ಇನ್ನೊಂದ್ಸಲ ಟೀಚರ್, ಇನ್ನೊಂದ್ಸಲ! ಅವರೆಲ್ಲರಿಗೂ ಮನೆ ಬೀಳಿಸಿಕೊಂಡವನೇ ಆಗಬೇಕು. ಬಂಡೆ ಯಾರಿಗೂ ಬೇಡ. ಹಾಡು ಭರ್ಜರಿ ಗೆದ್ದಿತ್ತು, ಪಾಠ ಪೂರ್ತಿ ತಿರುಗುಮುರುಗಾಗಿತ್ತು.

ನಮ್ಮಲ್ಲಿ ಹಿರಿಯರಾದ ಒಬ್ಬರು ಟೀಚರ್ ಗದರಲಿಲ್ಲ. ಮಕ್ಕಳನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಕಾಂಪೌಂಡ್ ಕೆಲಸಕ್ಕೆ ತಂದು ಹಾಕಿದ್ದ ಮರಳ ರಾಶಿ ಇತ್ತು, ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವ ಕಲ್ಲು ಇತ್ತು. ಒಡೆದ ಹಂಚಿನ ಚೂರುಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆ ಕಟ್ಟಿಸಿದರು. ಎರಡರ ಬುಡಕ್ಕೂ ಒಂದೊಂದು ಕೊಡ ನೀರು. ಮರಳ ಮೇಲಿನ ಮನೆ ಮೊದಲು ಒಂದು ಮಗ್ಗುಲಿಗೆ ಕುಸಿದು, ಆಮೇಲೆ ಹಂಚುಗಳು ಒಂದೊಂದಾಗಿ ಜಾರಿದವು. ಅದನ್ನು ಕಟ್ಟಿದ್ದ ಹುಡುಗಿ ಅಳುವುದಕ್ಕೇ ಶುರುಮಾಡಿದಳು. ಅವರು ಅವಳ ಬೆನ್ನು ಸವರಿ, ಒಂದು ಮಾತೂ ಆಡದೆ, ಅದೇ ಹಾಡು ಎತ್ತಿಕೊಂಡರು. ಈ ಸಲ ಬೀಳುವ ಜಾಗದಲ್ಲಿ ಸದ್ದು ಕಮ್ಮಿ.

ರಾಗಕ್ಕೂ ಭಾಷೆಗೂ ಹೊಂದಿಕೆ ಬೇಕು ಎಂಬುದು ನನ್ನ ಹಳೆಯ ತಕರಾರು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಜೊತೆ ಜರ್ಮನ್ ರಾಗಗಳೂ ಬಂದವು. ಗಂಭೀರವಾದ, ಒಂದೊಂದು ಸ್ವರದ ಮೇಲೂ ನಿಂತು ನಡೆಯುವ ರಾಗಗಳು. ಆದರೆ ಕನ್ನಡದಲ್ಲಿ ಹ್ರಸ್ವ ಹ್ರಸ್ವವೇ, ದೀರ್ಘ ದೀರ್ಘವೇ. ಎಳೆದರೆ ಅರ್ಥ ಕೆಡುತ್ತದೆ. ನಾವು ಮಕ್ಕಳಾಗಿದ್ದಾಗ ಒಂದು ಹಾಡಿನಲ್ಲಿ ದೇವರ 'ಬಲ' ಎಂಬ ಮಾತು ಸರಿಯಾಗಿ ಉದ್ದ ಸ್ವರದ ಮೇಲೆ ಬರುತ್ತಿತ್ತು. ಹಿರಿಯರು ಕಣ್ಮುಚ್ಚಿ ಭಕ್ತಿಯಿಂದ ದೇವರ 'ಬಾಲ'ವನ್ನು ಹೊಗಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನಾವು ಬಾಯಿಗೆ ಕರವಸ್ತ್ರ ತುರುಕಿಕೊಳ್ಳುತ್ತಿದ್ದೆವು.

ಇದು ಆ ಮಿಷನರಿಗಳಿಗೆ ಗೊತ್ತಾಗದೆ ಇರಲಿಲ್ಲ. ಈ ನಾಡಿನಲ್ಲಿ ಭಕ್ತಿ ಕಲಿಸುವುದು ಹಾಡಿನಲ್ಲಿ ಎಂಬುದನ್ನು ಕಂಡುಕೊಂಡ, ಅವರಲ್ಲೊಬ್ಬರಾದ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನೇ ಸಂಗ್ರಹಿಸಿ ಅಚ್ಚು ಹಾಕಿಸಿದರು. ಅದೇ ಮಿಷನ್ನಿನಿಂದ 1853ರಲ್ಲಿ ಬಂದ ಕಿಟೆಲರನ್ನು ನಾವು 1894ರ ಕನ್ನಡ ನಿಘಂಟಿನಿಂದ ನೆನೆಯುತ್ತೇವೆ. ಅದಕ್ಕೆ ಮೂವತ್ತೆರಡು ವರ್ಷ ಮೊದಲೇ ಅವರು 'ಕಥಾಮಾಲೆ' ಬರೆದಿದ್ದರು. ಕ್ರಿಸ್ತನ ಕಥೆ, ಆದರೆ ಧಾಟಿ ಇಲ್ಲಿನದು. ಪದಕ್ಕೆ ಪದ ಕೂಡಿಸುವ ಮೊದಲು ಆ ಮನುಷ್ಯ ಕನ್ನಡದ ನಡಿಗೆಗೆ ಕಿವಿ ಕೊಟ್ಟಿದ್ದರು. ಮಕ್ಕಳ ಹಾಡು ಬರೆಯುವವರೂ ಮೊದಲು ಅಷ್ಟು ಮಾಡಬೇಕು ಎನ್ನುವುದು ನನ್ನ ಹಟ.

ಹೀಗೆ ಸುಲಭವಾಗಿ ಒಳಗಿಳಿಯುವುದರಿಂದಲೇ ಹಾಡಿನ ಬಗ್ಗೆ ಸ್ವಲ್ಪ ಭಯವೂ ಇರಬೇಕು. ಐರ್ಲೆಂಡಿನ ಸೆಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್ 1848ರಲ್ಲಿ ಪುಟ್ಟ ಮಕ್ಕಳಿಗೆಂದು ಒಂದು ಗೀತೆಗಳ ಪುಸ್ತಕ ತಂದರು. ಚರ್ಚಿನ ವಿಶ್ವಾಸ ಪ್ರಮಾಣವನ್ನು ಮಕ್ಕಳು ಅರ್ಥವಾಗದೆ ಒಪ್ಪಿಸುತ್ತಾರಲ್ಲ, ಅದರ ಒಂದೊಂದು ಮಾತಿಗೂ ಒಂದೊಂದು ಹಾಡು. ಕನ್ಯೆಯಲ್ಲಿ ಹುಟ್ಟಿದನು ಎಂಬಲ್ಲಿಗೆ ಒಂದು, ಶಿಲುಬೆಗೆ ಹಾಕಲ್ಪಟ್ಟನು ಎಂಬಲ್ಲಿಗೆ ಒಂದು, ದೇವರು ಭೂಮಿ ಆಕಾಶಗಳನ್ನು ಉಂಟುಮಾಡಿದನು ಎಂಬಲ್ಲಿಗೆ ಇನ್ನೊಂದು. ಮಕ್ಕಳಿಗೆ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಆದರೆ ಆ ಸೃಷ್ಟಿಯ ಹಾಡಿನಲ್ಲಿ, ಹೂವು ಹಕ್ಕಿಗಳ ನಡುವೆಯೇ, ಕೋಟೆಯೊಳಗಿನ ಸಿರಿವಂತನನ್ನೂ ಅವನ ಬಾಗಿಲಲ್ಲಿ ನಿಂತ ಬಡವನನ್ನೂ ದೇವರೇ ಹಾಗೆ ಇಟ್ಟಿದ್ದಾನೆ ಎನ್ನುವ ಚರಣವೊಂದಿದೆ. 1848 ಎಂದರೆ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನ ಬಡವರು ಹಸಿವಿನಿಂದ ಸಾಯುತ್ತಿದ್ದ ಕಾಲ. ಇಂಪಾದ ರಾಗದಲ್ಲಿ, ಹೂವಿನ ಜೊತೆ, ಅದೂ ಮಕ್ಕಳ ಬಾಯಿಗೆ ಹೋಯಿತು. ಪಾಠವಾಗಿ ಹೇಳಿದ್ದರೆ ಯಾವುದೋ ಒಂದು ಮಗು ಕೈ ಎತ್ತಿ 'ಯಾಕೆ' ಎಂದು ಕೇಳಬಹುದಿತ್ತು. ಹಾಡಿನ ನಡುವೆ ಕೈ ಎತ್ತುವವರುಂಟೇ? 1906ರಲ್ಲಿ ಪರ್ಸಿ ಡಿಯರ್ಮರ್ ಇಂಗ್ಲಿಷ್ ಗೀತೆಗಳ ಹೊಸ ಸಂಗ್ರಹ ತರುವಾಗ ಆ ಚರಣವನ್ನು ತೆಗೆದೇಬಿಟ್ಟರು. ಉಳಿದ ಹಾಡನ್ನು ಜನ ಈಗಲೂ ಹಾಡುತ್ತಾರೆ.

ಈಚೆಗೆ ಅನೇಕ ಕಡೆ ಪರದೆಯ ಮೇಲೆ ವಿಡಿಯೋ, ದೊಡ್ಡ ಸ್ಪೀಕರು. ಮಕ್ಕಳು ಕುಣಿಯುತ್ತಾರೆ, ಚೆನ್ನಾಗಿಯೇ ಕುಣಿಯುತ್ತಾರೆ. ಬಾಯಿ ನೋಡಿದರೆ ಮುಚ್ಚಿರುತ್ತದೆ. ದಿನಕ್ಕೆ ಐದು ಹೊಸ ಹಾಡಾದರೆ ಅವರೂ ಏನು ಮಾಡಿಯಾರು? ನನ್ನ ಲೆಕ್ಕದಲ್ಲಿ ಹತ್ತು ದಿನಕ್ಕೆ ನಾಲ್ಕು ಹಾಡು ಸಾಕು, ಒಂದು ಹಾರ್ಮೋನಿಯಂ ಸಾಕು. ಅದೂ ಮಕ್ಕಳ ಶ್ರುತಿಗೆ. ನಾವು ದೊಡ್ಡವರು ನಮ್ಮ ಗಂಟಲಿಗೆ ಹಿತವಾಗುವಷ್ಟು ಕೆಳಗೆ ಎತ್ತಿಕೊಂಡು, ಮಕ್ಕಳು ಗೊಣಗುತ್ತಾರೆ ಎಂದು ದೂರುತ್ತೇವೆ.

ಹೋದ ಭಾನುವಾರ ಆರಾಧನೆಯಲ್ಲಿ ಸಭಾಪಾಲಕರು ಹಬಕ್ಕೂಕನ ಪುಸ್ತಕ ತೆಗೆಯಿರಿ ಎಂದರು. ಮೂರೇ ಅಧ್ಯಾಯದ ಪುಸ್ತಕ, ಬೇಗ ಕೈಗೆ ಸಿಗುವುದಲ್ಲ. ಸುತ್ತಲೂ ಹಾಳೆ ಮಗುಚುವ ಸದ್ದು. ಒಬ್ಬರು ಮೆಲ್ಲಗೆ ಪರಿವಿಡಿಗೆ ಹೋದರು. ನನ್ನ ಪಕ್ಕದಲ್ಲಿ ಆ ಹಲ್ಲಿಲ್ಲದ ಹುಡುಗ. ಈಗ ಒಂದು ಹಲ್ಲು ಅರ್ಧ ಬಂದಿದೆ. ಅವನ ತುಟಿ ಅಲುಗುತ್ತಿತ್ತು, ಮೊಣಕಾಲ ಮೇಲೆ ಬೆರಳು ತಾಳ ಹಾಕುತ್ತಿತ್ತು. ಓಬದ್ಯ, ಯೋನ, ಮೀಕ, ನಹೂಮ ಎಂದು ಬಂದು, "ಸಿಕ್ತು" ಎಂದು ನನ್ನ ಕಡೆ ತಿರುಗಿದ. ನಾನಿನ್ನೂ ಯೋವೇಲನಲ್ಲಿದ್ದೆ.