ತೋಳಲ್ಲೇ ನಡೆಯುವ ನಕ್ಷತ್ರ



ನಾನು ಸಾಫ್ಟ್‌ವೇರ್ ಕೆಲಸದವನು. ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆಂದು ನೀವು ಅಂದುಕೊಂಡಿರಬಹುದು. ಆದರೆ ಬಿಡುವಿನಲ್ಲಿ ನಾನು ಓದುವುದು ಒಂದು ಕಡಲಜೀವಿಯ ಬಗ್ಗೆ. ಇಂದು ಅದನ್ನೇ ಹೇಳುತ್ತೇನೆ. ಅದರ ಹೆಸರು ಬ್ರಿಟಲ್ ಸ್ಟಾರ್. ಹಿಡಿದರೆ ತೋಳನ್ನೇ ಮುರಿದು ಬಿಟ್ಟು ಪಾರಾಗುತ್ತದೆ. ಆ ತೋಳು ಮತ್ತೆ ಬೆಳೆಯುತ್ತದೆ.

ಪಾಠದಲ್ಲಿ ಕಂಟಕಚರ್ಮಿಗಳು ಎಂದು ಓದಿದ್ದೇವಲ್ಲ, ನಕ್ಷತ್ರಮೀನು ಸೇರಿರುವ ವಂಶ, ಇದೂ ಅದರದ್ದೇ. ವರ್ಗ ಮಾತ್ರ ಬೇರೆ: ಓಫಿಯೂರಾಯ್ಡಿಯಾ. ಗ್ರೀಕ್ ಭಾಷೆಯಲ್ಲಿ ಓಫಿಸ್ ಎಂದರೆ ಹಾವು. ನಡುವೆ ನಾಣ್ಯದಂಥ ಬಿಲ್ಲೆ, ಅದರಿಂದ ಹೊರಟ ಸಾಮಾನ್ಯವಾಗಿ ಐದು ತೆಳು ತೋಳು. ನಕ್ಷತ್ರಮೀನು ಕೊಳವೆಪಾದಗಳ ಮೇಲೆ ತೆವಳಿದರೆ ಇದು ತೋಳು ಬೀಸಿಯೇ ನಡೆಯುತ್ತದೆ. ಮಲದ್ವಾರವಿಲ್ಲ, ಉಂಡು ಉಳಿದದ್ದು ಬಾಯಿಂದಲೇ ಹೊರಗೆ. (ಮಕ್ಕಳು ನಗುತ್ತಿದ್ದಾರೆ, ನಗಲಿ.) ಮಿದುಳೂ ಇಲ್ಲ, ಬಾಯಿಯ ಸುತ್ತ ಒಂದು ನರದ ಉಂಗುರ, ಅದರಿಂದ ಪ್ರತಿ ತೋಳಿಗೂ ಒಂದು ನರ.

ಇವುಗಳಲ್ಲಿ 2000ಕ್ಕೂ ಹೆಚ್ಚು ಪ್ರಭೇದಗಳಿವೆ. ದಡದ ಬಂಡೆಯಡಿಯಿಂದ ಸಾವಿರಾರು ಮೀಟರ್ ಆಳದ ಕತ್ತಲೆಯವರೆಗೆ ವಾಸ. ನಮ್ಮ ಅರಬ್ಬಿ ಸಮುದ್ರದಲ್ಲೂ ಇವೆ. ಕೆಲವು ಹವಳದ ಸಂದಿಯಲ್ಲಿ, ಕೆಲವು ಸ್ಪಂಜಿನೊಳಗೆ. ಆಂಫಿಯೂರಾ ಎಂಬುದು ಕೆಸರಿನಲ್ಲಿ ಹೂತುಕೊಂಡು ತೋಳಿನ ತುದಿ ಮಾತ್ರ ಮೇಲೆ ಚಾಚಿ, ತೇಲಿ ಬರುವ ಆಹಾರ ಹಿಡಿಯುತ್ತದೆ. ನ್ಯೂಜಿಲೆಂಡಿನ ದಕ್ಷಿಣಕ್ಕೆ ಒಂದು ಕಡಲಬೆಟ್ಟದ ನೆತ್ತಿಯಲ್ಲಿ ಕೋಟಿಗಟ್ಟಲೆ ಬ್ರಿಟಲ್ ಸ್ಟಾರ್‌ಗಳು ತೋಳಿಗೆ ತೋಳು ತಾಗಿಸಿ ಕುಳಿತಿದ್ದವೆಂದು 2008ರಲ್ಲಿ ವರದಿಯಾಯಿತು. ಅಲ್ಲಿನ ಬಿರುಸಾದ ಪ್ರವಾಹ ಊಟ ತರುತ್ತದೆ, ಮೀನುಗಳನ್ನು ದೂರವಿಡುತ್ತದೆ.

ಬ್ಯಾಸ್ಕೆಟ್ ಸ್ಟಾರ್ ಎಂಬವು ಇವುಗಳ ಬಳಗದವೇ. ಅವುಗಳ ತೋಳು ಮರದ ಕೊಂಬೆಯಂತೆ ಕವಲೊಡೆಯುತ್ತದೆ. ಹಗಲು ಸುರುಟಿಕೊಂಡಿದ್ದು ರಾತ್ರಿ ಬಲೆಯಂತೆ ಹರಡುತ್ತದೆ. ನೋಡಲು ಇಷ್ಟು ಬೇರೆಯಾದ್ದರಿಂದ ಇವನ್ನೂ ಇವುಗಳ ಹತ್ತಿರದವನ್ನೂ ಒಂದು ಗಣವಾಗಿಟ್ಟು, ಉಳಿದವನ್ನೆಲ್ಲ ಇನ್ನೊಂದರಲ್ಲಿ ಸೇರಿಸಿದ್ದರು. 2014ರಲ್ಲಿ ಮೆಲ್ಬರ್ನಿನ ಟಿಮ್ ಒಹಾರಾ ಮತ್ತು ಸಂಗಡಿಗರು ನೂರಾರು ಜೀನ್‌ಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿದಾಗ ಆ ವಿಂಗಡಣೆ ನಿಲ್ಲಲಿಲ್ಲ. ಬ್ಯಾಸ್ಕೆಟ್ ಸ್ಟಾರ್‌ಗಳು, ಸಾದಾ ತೋಳಿನ ಓಫಿಯೂರಾ ಗುಂಪಿನ ಹತ್ತಿರದ ನಂಟರೆಂದು ತಿಳಿಯಿತು.

ಇಲ್ಲಿಗೆ ನಮ್ಮ ಕಂಪ್ಯೂಟರ್‌ನವರೇ ಗೆದ್ದೆವು ಎನ್ನಬೇಡಿ. 2016ರಲ್ಲಿ ಬೆನ್ ಥುಯ್ ಮತ್ತು ಸಬೀನ್ ಸ್ಟೋರ್, ತೋಳಿನ ಪಕ್ಕದ ಪುಟ್ಟ ಫಲಕಗಳನ್ನೂ ಮುಳ್ಳು ಕೂರುವ ಜಾಗಗಳನ್ನೂ ಸೂಕ್ಷ್ಮವಾಗಿ ನೋಡಿ ಮತ್ತೆ ವಂಶವೃಕ್ಷ ಬರೆದರು. ಅದು ಜೀನ್‌ಗಳು ಹೇಳಿದ್ದಕ್ಕೆ ಬಹುಮಟ್ಟಿಗೆ ಹೊಂದಿತು. ಸಾಕ್ಷಿ ತೋಳಿನ ಮೇಲೇ ಇತ್ತು. ಎಲ್ಲರ ಕಣ್ಣು ಕವಲಿನ ಮೇಲಿತ್ತು.

ಇಂಥ ಮರುಪರೀಕ್ಷೆಗೆ ಒದಗಿದ್ದು ಮ್ಯೂಸಿಯಂ ಬಾಟಲಿಗಳಲ್ಲಿ ಕಾಪಾಡಿಟ್ಟ ಮಾದರಿಗಳು. ಎಲ್ಲಿ, ಯಾವಾಗ, ಎಷ್ಟು ಆಳದಲ್ಲಿ ಸಿಕ್ಕಿತೆಂಬ ಚೀಟಿ ಇದ್ದರೆ ಮಾತ್ರ ಅವುಗಳ ವಾಸಸ್ಥಾನ ತಿಳಿಯುತ್ತದೆ. ನಮ್ಮ ಶಾಲೆಯ ಪ್ರಯೋಗಾಲಯದ ಬಾಟಲಿಗಳ ಚೀಟಿಗಳು ಉದುರಿವೆ. ಅವನ್ನು ತಂದುಕೊಟ್ಟ ಗುರುಗಳೂ ಹಳೆಯ ವಿದ್ಯಾರ್ಥಿಗಳೂ ಇಂದು ಇಲ್ಲೇ ಕುಳಿತಿದ್ದೀರಿ. ಊಟದ ಮೇಲೆ ದಯವಿಟ್ಟು ಪ್ರಯೋಗಾಲಯಕ್ಕೆ ಬನ್ನಿ. ನಿಮಗೆ ನೆನಪಿರುವುದನ್ನು ಹೇಳಿ, ನಾನು ಬರೆದುಕೊಳ್ಳುತ್ತೇನೆ.