ಗುಳ್ಳಕಾಯಿಯ ಹಾಲು ಮತ್ತು ಮನೆಗೊಂದು ಹಣ

(ಜಿನಬಿಂಬ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ಬಸದಿಯ ನಿರ್ಮಾಣಕ್ಕೆ ಭಕ್ತಿಯೂ ಬೇಕು, ದ್ರವ್ಯವೂ ಬೇಕು. ದಾನಿಯನ್ನು ಸ್ಮರಿಸುವುದು ಸಮಾಜದ ಕರ್ತವ್ಯ. ಆದರೆ ದಾನದ ಮೊತ್ತದಿಂದಲೇ ಮನುಷ್ಯನಿಗೆ ಬೆಲೆ ಕಟ್ಟತೊಡಗಿದರೆ ಧರ್ಮಕ್ಕೆ ಕುಂದುಂಟಾಗುತ್ತದೆ. ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿಯೇ ಎರಡುಂಟು.

ಮೊದಲನೆಯದು ಎಲ್ಲರೂ ಬಲ್ಲ ಕಥೆ. ಗಂಗರಾಜ ರಾಚಮಲ್ಲನ ಮಂತ್ರಿಯಾದ ಚಾವುಂಡರಾಯನು ಕ್ರಿ.ಶ. 981ರ ಸುಮಾರಿನಲ್ಲಿ 58 ಅಡಿ ಎತ್ತರದ ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿ, ಕೊಡಗಟ್ಟಲೆ ಹಾಲಿನಿಂದ ಅಭಿಷೇಕ ಮಾಡಿಸಿದನು. ಹಾಲು ಸ್ವಾಮಿಯ ಪಾದವನ್ನು ಮುಟ್ಟಲಿಲ್ಲ. ಆಗ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದಿದ್ದ ಹಾಲನ್ನು ಎರೆಯಲು, ಅದು ಸರ್ವಾಂಗವನ್ನೂ ತೋಯಿಸಿ ಬೆಟ್ಟದ ಕೆಳಗೆ ಹರಿಯಿತೆಂಬುದು ಪರಂಪರೆಯ ನಂಬಿಕೆ. ಆ ಅಜ್ಜಿಯ ಮೂರ್ತಿ ಇಂದಿಗೂ ಸ್ವಾಮಿಗೆ ಎದುರಾಗಿ ನಿಂತಿದೆ.

ಇದನ್ನು ಗರ್ವಭಂಗದ ಕಥೆಯೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಹಾಲು ಹರಿದ ಮೇಲೆ ಅಜ್ಜಿಗೆ ಕೈಮುಗಿಯುವುದು ಸುಲಭ. ಹಾಲು ಹರಿಯುವುದಕ್ಕೆ ಮುಂಚೆ, ಜನಸಂದಣಿಯ ಹಿಂದೆ ನಿಂತವಳಿಗೆ ದಾರಿ ಬಿಡುವವರು ಯಾರು? ಅವಳು ವೇಷ ಮರೆಸಿ ಬಂದ ದೇವಿಯೆಂದು ಹೇಳುವುದುಂಟು. ದೇವಿಯಾಗಿರದೆ ಬರಿಯ ಬಡ ಮುದುಕಿಯೇ ಆಗಿದ್ದರೂ ಆ ಹಾಲಿನ ಬೆಲೆ ಕಡಿಮೆಯಾಗುತ್ತಿತ್ತೇ?

ಎರಡನೆಯದು ಕಥೆಯಲ್ಲ, ಶಾಸನ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ವಿಜಯನಗರದ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡತಕ್ಕದ್ದು. ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಅಂಗರಕ್ಷಕರನ್ನಿರಿಸಿ, ಮಿಕ್ಕುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು ಎಂದಾಯಿತು. ಈ ಹೊಣೆಯನ್ನು ವಹಿಸಿದ್ದು ಜೈನನಿಗಲ್ಲ, ತಿರುಮಲೆಯ ತಾತಯ್ಯನಿಗೆ. ಇಲ್ಲಿ ಎರಡು ಪಾಠಗಳಿವೆ. ಸಿರಿವಂತನ ಮನೆಗೂ ಬಡವನ ಮನೆಗೂ ಒಂದೇ ಹಣ. ಯಾವ ಮನೆಯೂ ಲೆಕ್ಕದಿಂದ ಹೊರಗುಳಿಯಲಿಲ್ಲ. ಅನ್ಯಮತೀಯನ ಪ್ರಾಮಾಣಿಕತೆಯನ್ನು ನಂಬಿ ಧರ್ಮದ ಹಣವನ್ನೇ ಅವನ ಕೈಗೊಪ್ಪಿಸಲಾಯಿತು.

ಹಾಸನದಲ್ಲಿ ಆಲೂಗಡ್ಡೆ, ಅರಕಲಗೂಡಿನಲ್ಲಿ ಹೊಗೆಸೊಪ್ಪು, ಹೊಳೆನರಸೀಪುರದಲ್ಲಿ ಭತ್ತ, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಕೊಳ್ಳುವ ವರ್ತಕನಿಗೆ ತಕ್ಕಡಿಯ ಧರ್ಮ ತಿಳಿದಿರಬೇಕು. ಕೊಳ್ಳುವಾಗ ಹೆಚ್ಚು, ಕೊಡುವಾಗ ಕಡಿಮೆ ತೂಗುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರವೆಂದು ಎಣಿಸಿದೆ. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ಐಶ್ವರ್ಯಮದವೂ ಒಂದು. ಸರಕನ್ನು ಸರಿಯಾಗಿ ತೂಗಿ, ಮೂಟೆ ಹೊತ್ತ ಹಮಾಲಿಯನ್ನು ಹಗುರವಾಗಿ ಕಂಡರೆ ತಕ್ಕಡಿ ಸರಿಯಿದ್ದೂ ಮನಸ್ಸು ಸರಿಯಿಲ್ಲವೆಂದೇ ಅರ್ಥ.

ಇಂದು ಇಂದ್ರ ಪದವಿಗೂ ಕಲಶಕ್ಕೂ ಸವಾಲು ಕೂಗುವ ರೂಢಿಯಿದೆ. ಅದರಿಂದ ಬಂದ ದ್ರವ್ಯವು ಧರ್ಮಕಾರ್ಯಕ್ಕೆ ಸಲ್ಲುವುದರಿಂದ ಅದನ್ನು ಹಳಿಯಬೇಕಾಗಿಲ್ಲ. ಆದರೆ ಒಂದು ಕಲಶವನ್ನಾದರೂ ಸವಾಲಿಗಿಡದೆ, ಏನೂ ಕೊಡಲಾರದ ಮನೆಯವರ ಕೈಗೆ ಕರೆದು ಕೊಡಲಿ. ದಾನಿಗಳ ಹೆಸರು ಕೆತ್ತುವ ಕಲ್ಲಿನಲ್ಲಿಯೇ, ಆ ಕಲ್ಲನ್ನು ಕಡೆದ ಶಿಲ್ಪಿಯ ಹೆಸರಿಗೂ ಒಂದು ಸಾಲಿರಲಿ. ಕೊಡುವವನ ಹಿರಿಮೆ ಇದರಿಂದ ಕುಂದುವುದಿಲ್ಲ. ಗುಳ್ಳಕಾಯಜ್ಜಿ ಎದುರಿಗೆ ನಿಂತುದರಿಂದ ಚಾವುಂಡರಾಯನ ಕೀರ್ತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಜೈ ಜಿನೇಂದ್ರ.